ಲ್ಯಾಪ್‌ಟಾಪ್ ಕೀಲಿಗಳಲ್ಲಿ ಸರಳೆ ವರಸೆ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಪಿ.ಜಿ. ಕೋಣೆಗಳಲ್ಲಿ ಹಾರ್ಮೋನಿಯಂ ಇಡಲು ಜಾಗವಿಲ್ಲ. ಜಾಗವಿದ್ದರೂ ರಾತ್ರಿ ಪಾಳಿ ಮುಗಿಸಿ ಮಲಗಿದವರು ಸುಮ್ಮನಿರುವುದಿಲ್ಲ. ಇರುವ ಕೀಬೋರ್ಡಿಗೇ ಸ್ವರ ಕೂರಿಸಿಕೊಂಡರೆ ಇಯರ್‌ಫೋನ್ ಹಾಕಿಕೊಂಡು ಅಭ್ಯಾಸ ನಡೆಸಬಹುದು. ಬೇಕಾದ ತಂತ್ರಾಂಶ ವಿಎಂಪಿಕೆ, ಅಂದರೆ ವರ್ಚುವಲ್ ಮಿಡಿ ಪಿಯಾನೋ ಕೀಬೋರ್ಡ್. ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಸ್ವಂತ ಕಂಪ್ಯೂಟರಿನಲ್ಲಿ ಮಾತ್ರ ಹಾಕಿಕೊಳ್ಳಿ. ಆಫೀಸಿನ ಲ್ಯಾಪ್‌ಟಾಪಿಗೆ ಇದನ್ನು ಇಳಿಸಿ ಐ.ಟಿ. ವಿಭಾಗಕ್ಕೆ ಉತ್ತರ ಬರೆಯುತ್ತ ಕೂರುವುದು ಯಾವ ರಾಗಕ್ಕೂ ಬೇಕಿಲ್ಲ.

ತೆರೆದ ಕೂಡಲೇ ಸಿಗುವುದು ಪಿಯಾನೋ ಜೋಡಣೆ: ಝಡ್ ಸಾಲಿನಲ್ಲಿ ಬಿಳಿ ಮನೆಗಳು, ಅದರ ಮೇಲಿನ ಸಾಲಿನಲ್ಲಿ ಕಪ್ಪು ಮನೆಗಳು. ಸರಳೆ ವರಸೆ ಕಲಿಯುವವರಿಗೆ ಒಂದು ಸ್ಥಾಯಿಯ ಹನ್ನೆರಡು ಮನೆಗಳಲ್ಲಿ ಐದು ಅನವಶ್ಯಕ. ರಾಗದಲ್ಲಿಲ್ಲದ ಸ್ವರಕ್ಕೆ ಕೀಲಿಯೇ ಇರದಿದ್ದರೆ ಅಪಸ್ವರಕ್ಕೆ ದಾರಿಯೂ ಇರುವುದಿಲ್ಲ. ಹಾಗಾಗಿ ಜೋಡಣೆಯನ್ನೇ ಬದಲಿಸೋಣ.

ಎಡಿಟ್ ಮೆನುವಿನಲ್ಲಿ ‘ಕೀಬೋರ್ಡ್ ಮ್ಯಾಪ್’ ತೆರೆಯಿರಿ. ಸ್ವರಸಂಖ್ಯೆಗಳ ಪಟ್ಟಿ ಕಾಣುತ್ತದೆ. ಒಂದು ಸಂಖ್ಯೆಯಿಂದ ಮುಂದಿನದಕ್ಕೆ ಅರ್ಧಸ್ವರದ ಅಂತರ. 12ನ್ನು ಮಧ್ಯ ಷಡ್ಜ ಎಂದಿಟ್ಟುಕೊಳ್ಳಿ. ಸರಳೆ ವರಸೆಯ ರಾಗವಾದ ಮಾಯಾಮಾಳವಗೌಳಕ್ಕೆ 12, 13, 16, 17, 19, 20, 23, 24 ಈ ಸಂಖ್ಯೆಗಳಿಗೆ ಕ್ರಮವಾಗಿ ಎ, ಎಸ್, ಡಿ, ಎಫ್, ಜಿ, ಎಚ್, ಜೆ, ಕೆ ಕೀಲಿಗಳನ್ನು ಕೊಡಿ. ಎಡಗೈಯ ನಾಲ್ಕು ಬೆರಳಿಗೆ ಸರಿಗಮ, ಬಲಗೈಯ ನಾಲ್ಕಕ್ಕೆ ಪದನಿಸ. ಮಂದ್ರಕ್ಕೆ ಕೆಳಸಾಲು: ಝಡ್‌ನಿಂದ ಎಂ ವರೆಗಿನ ಏಳು ಕೀಲಿಗಳಿಗೆ 0, 1, 4, 5, 7, 8, 11. ತಾರಸ್ಥಾಯಿಯ ರಿ, ಗ, ಮ ಮೇಲ್ಸಾಲಿನ ಡಬ್ಲ್ಯೂ, ಇ, ಆರ್‌ನಲ್ಲಿರಲಿ (25, 28, 29). ಉಳಿದ ಕೀಲಿಗಳನ್ನು ಪಟ್ಟಿಯಿಂದ ಅಳಿಸಿ, ರಾಗದ ಹೆಸರಿನಲ್ಲೇ ಫೈಲ್ ಉಳಿಸಿ.

ಶಂಕರಾಭರಣ ಬೇಕಾದರೆ 13ರ ಬದಲು 14, 20ರ ಬದಲು 21. ಅದರ ಮೇಲೆ 17ನ್ನು 18 ಮಾಡಿದರೆ ಕಲ್ಯಾಣಿ. ಇದೇ ಬದಲಾವಣೆ ಮೂರೂ ಸಾಲಿಗೂ ಆಗಬೇಕು.

ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಿ ರೂಢಿಯಾದವರಿಗೆ ಇನ್ನೊಂದು ಆಸೆ ಹುಟ್ಟಬಹುದು. ಅದರ ಕೆ.ಪಿ. ರಾವ್ ಕೀಲಿ ವಿನ್ಯಾಸದಲ್ಲಿ ಎಸ್ ಒತ್ತಿದರೆ ಸ, ಆರ್ ಒತ್ತಿದರೆ ರ ಬರುತ್ತದಲ್ಲ, ಸ್ವರವನ್ನೂ ಹಾಗೇ ಇಟ್ಟರೇನು? ಬೇಡ. ಗ ನಡುವೆ, ಮ ಕೆಳಗೆ, ಪ ಮೇಲಿನ ಬಲತುದಿಯಲ್ಲಿ. ಎರಡನೇ ಕಾಲಕ್ಕೇ ಬೆರಳು ತಡವರಿಸುತ್ತದೆ. ನುಡಿಸುವಾಗ ಕನ್ನಡ ಟೈಪಿಂಗ್ ಆಫ್ ಆಗಿರಲಿ.

ಶ್ರುತಿ ಬದಲಿಸಲು ಪಟ್ಟಿಗೆ ಕೈ ಹಾಕಬೇಕಿಲ್ಲ. ‘ಟ್ರಾನ್ಸ್‌ಪೋಸ್’ 0 ಇದ್ದರೆ ಸಿ, 2 ಇದ್ದರೆ ಡಿ, 7 ಇದ್ದರೆ ಜಿ. ಸ್ಥಾಯಿ ತೀರಾ ಕೆಳಗೋ ಮೇಲೋ ಅನ್ನಿಸಿದರೆ ‘ಬೇಸ್ ಆಕ್ಟೇವ್’ ಹೊಂದಿಸಿ. ವಾದ್ಯಗಳ ಪಟ್ಟಿಯಲ್ಲಿ ರೀಡ್ ಆರ್ಗನ್ ಆರಿಸಿ. ಪಿಯಾನೋ ನಾದ ಬೇಗ ಅಡಗುತ್ತದೆ, ಇದು ಕೀಲಿ ಒತ್ತಿರುವಷ್ಟು ಹೊತ್ತೂ ನಿಲ್ಲುತ್ತದೆ. ಬ್ಲೂಟೂತ್ ಇಯರ್‌ಫೋನಿನಲ್ಲಿ ನಾದ ತಡವಾಗಿ ಬಂದು ತಾಳ ಕೆಡುತ್ತದೆ, ವೈರ್ ಇರುವುದನ್ನೇ ಬಳಸಿ. ಹಿನ್ನೆಲೆಗೆ ಫೋನಿನ ತಂಬೂರಿ ಆ್ಯಪ್ ಸಾಕು. ಎಲೆಕ್ಟ್ರಾನಿಕ್ ತಂಬೂರಿಯೇ ಬೇಕೆಂದರೆ ದೂರ ಹುಡುಕಬೇಕಿಲ್ಲ: ಕೊಳಲುವಾದಕರೂ ಆದ ಎಂಜಿನಿಯರ್ ಜಿ. ರಾಜ್ ನಾರಾಯಣ್ ಕಟ್ಟಿದ, ಅದನ್ನು ತಯಾರಿಸುವ ರಾಡೆಲ್ ಕಂಪನಿ ಇರುವುದು ಎಲೆಕ್ಟ್ರಾನಿಕ್ ಸಿಟಿಯಲ್ಲೇ.

ಗಮಕ ಮಾತ್ರ ಇಲ್ಲಿ ಸಿಗದು. ಕೀಲಿಗೆ ಗೊತ್ತಿರುವುದು ಒತ್ತುವುದು, ಬಿಡುವುದು ಎರಡೇ. ಸ್ವರಸ್ಥಾನ, ಲಯ ಗಟ್ಟಿಯಾಗಲು ಇದು ಒಳ್ಳೆಯದು. ಗಮಕವೇ ಜೀವಾಳವಾದ ತೋಡಿಯಂಥ ರಾಗವನ್ನು ಗುರುಗಳ ಮುಂದೆಯೇ ಕಲಿಯಿರಿ.

ಹಲವು ಸ್ವರ ಒಟ್ಟಿಗೆ ನುಡಿಸುವವರಿಗೆ ಬೇರೆ ತೊಡಕಿದೆ. ಅಗ್ಗದ ಕೀಬೋರ್ಡಿನೊಳಗೆ ಕೀಲಿಗಳು ಅಡ್ಡ-ಉದ್ದ ತಂತಿಗಳ ಜಾಲದಲ್ಲಿರುವುದರಿಂದ ಕೆಲವು ಮೂರು ಕೀಲಿಗಳನ್ನು ಒಮ್ಮೆಗೇ ಒತ್ತಿದರೆ ಒಂದು ದಾಖಲಾಗುವುದೇ ಇಲ್ಲ. ಅಂಥವರು ಕ್ಯೂಎಂಕೆ ಫರ್ಮ್‌ವೇರ್ ಒಪ್ಪುವ ಮೆಕ್ಯಾನಿಕಲ್ ಕೀಬೋರ್ಡ್ ನೋಡಬಹುದು. ಅದರಲ್ಲಿ ಕೀಬೋರ್ಡೇ ನೇರವಾಗಿ ಮಿಡಿ ಸಂಕೇತ ಕಳಿಸುವಂತೆ ಮಾಡಬಹುದು. ಕೊಳ್ಳಲು ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಹೋಗುವ ಮೊದಲು ಆ ಮಾಡೆಲ್ ಕ್ಯೂಎಂಕೆ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಿ.