ವಾಯುಭಾರ ಕುಸಿತವು ಚಂಡಮಾರುತವಾಗುವುದೇ? ಹವಾಮಾನ ಪ್ರಕಟಣೆಯನ್ನು ಓದುವ ಕ್ರಮ

(ಗ್ರಾಮ ಪಂಚಾಯತ ಸದಸ್ಯರ ಅಧ್ಯಯನಕ್ಕಾಗಿ)

ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿದಿದೆ ಎಂಬ ಸುದ್ದಿ ಬಂದೊಡನೆ, ಚಂಡಮಾರುತವೇ ಬಂದಿತೆಂಬ ಸಂದೇಶಗಳು ಮೊಬೈಲುಗಳಲ್ಲಿ ಹರಿದಾಡುತ್ತವೆ. ಪ್ರತಿಯೊಂದು ಕುಸಿತವೂ ಚಂಡಮಾರುತವಾಗುವುದಿಲ್ಲ. ಚಂಡಮಾರುತವಲ್ಲದ ಮಳೆಯೂ ನಿರಪಾಯಕಾರಿಯಲ್ಲ. ಸದಸ್ಯರು ಈ ಎರಡೂ ಅಂಶಗಳನ್ನು ಮನಗಾಣುವುದು ಅವಶ್ಯಕ.

1. ಹಂತಗಳು
ಭಾರತೀಯ ಹವಾಮಾನ ಇಲಾಖೆಯು ಗಾಳಿಯ ವೇಗವನ್ನು ಆಧರಿಸಿ ಹಂತಗಳನ್ನು ಗುರುತಿಸುತ್ತದೆ (ಗಂಟೆಗೆ ಕಿ.ಮೀ.):
• ಕಡಿಮೆ ಒತ್ತಡದ ಪ್ರದೇಶ: 31ಕ್ಕಿಂತ ಕಡಿಮೆ
• ವಾಯುಭಾರ ಕುಸಿತ: 31–49
• ತೀವ್ರ ವಾಯುಭಾರ ಕುಸಿತ: 50–61
• ಚಂಡಮಾರುತ: 62–88
• ತೀವ್ರ ಚಂಡಮಾರುತ: 89–117
ಚಂಡಮಾರುತದ ಹಂತ ತಲುಪಿದ ಮೇಲೆಯೇ ಅದಕ್ಕೆ ಹೆಸರಿಡಲಾಗುತ್ತದೆ. ಆದ್ದರಿಂದ ಪ್ರಕಟಣೆಯಲ್ಲಿ ಮೊದಲು ನೋಡಬೇಕಾದುದು ಯಾವ ಹಂತ ಎಂಬುದನ್ನು.

2. ಬಲಗೊಳ್ಳುವ ಲಕ್ಷಣಗಳು
ಸಮುದ್ರದ ಮೇಲ್ಮೈ ಉಷ್ಣಾಂಶ ಸುಮಾರು 26.5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚಿರಬೇಕು. ಕೆಳಗಿನ ಗಾಳಿಗೂ ಮೇಲಿನ ಗಾಳಿಗೂ ವೇಗ, ದಿಕ್ಕುಗಳಲ್ಲಿ ಹೆಚ್ಚು ಅಂತರವಿರಬಾರದು. ಇದ್ದರೆ ಮೋಡಗಳ ರಾಶಿ ಚದುರುತ್ತದೆ. ಜುಲೈ–ಆಗಸ್ಟ್ ತಿಂಗಳುಗಳಲ್ಲಿ ಈ ಅಂತರ ಹೆಚ್ಚಿರುವುದರಿಂದ ಅರಬ್ಬೀ ಸಮುದ್ರದ ಚಂಡಮಾರುತಗಳು ವಿರಳ. ಮುಂಗಾರಿಗೆ ಮುನ್ನ ಮತ್ತು ಅಕ್ಟೋಬರ್–ಡಿಸೆಂಬರ್ ಅವಧಿಯಲ್ಲಿ ಹೆಚ್ಚಿನ ಎಚ್ಚರ ಅಗತ್ಯ.

3. ಉದಾಹರಣೆ: ತೌಕ್ತೆ, ಮೇ 2021
ಮೇ 13ರಂದು ಕಡಿಮೆ ಒತ್ತಡದ ಪ್ರದೇಶವಾಗಿದ್ದುದು 14ರ ಬೆಳಿಗ್ಗೆ ವಾಯುಭಾರ ಕುಸಿತವಾಯಿತು. ಅಂದೇ ನಡುರಾತ್ರಿಯ ಸುಮಾರಿಗೆ ಚಂಡಮಾರುತವಾಯಿತು. ಕರ್ನಾಟಕ, ಗೋವಾ ಕರಾವಳಿಗೆ ಸಮಾಂತರವಾಗಿ ಉತ್ತರಕ್ಕೆ ಸಾಗಿ 17ರ ರಾತ್ರಿ ಗುಜರಾತ್ ತೀರವನ್ನು ದಾಟಿತು. ಒಂದು ಹಗಲಿನೊಳಗೆ ಹಂತ ಬದಲಾಗಬಹುದೆಂಬುದು ಇದರ ಪಾಠ. ಹಿಂದಿನ ದಿನದ ಪ್ರಕಟಣೆಯನ್ನು ನಂಬಿ ಕುಳಿತುಕೊಳ್ಳುವಂತಿಲ್ಲ.

4. ನಮ್ಮ ತಾಲೂಕುಗಳಲ್ಲಿ
ಆಗಸ್ಟ್ 2019ರಲ್ಲಿ ಯಾವ ಚಂಡಮಾರುತವೂ ಅಪ್ಪಳಿಸದಿದ್ದರೂ ಬೆಳಗಾವಿ ಜಿಲ್ಲೆ ಪ್ರವಾಹಕ್ಕೆ ತುತ್ತಾಯಿತು. ಕಣಕುಂಬಿ, ಜಾಂಬೋಟಿ ಭಾಗದ ಘಟ್ಟಗಳು ಪಶ್ಚಿಮದ ತೇವದ ಗಾಳಿಯನ್ನು ತಡೆದು ಮೇಲೇರಿಸುವುದರಿಂದ ಅಲ್ಲಿ ಭಾರಿ ಮಳೆ ಸುರಿಯುತ್ತದೆ. ಹಳ್ಳಗಳು ತುಂಬಿದರೆ ಖಾನಾಪುರದ ಕಾಡಂಚಿನ ವಸತಿಗಳ ಸಂಪರ್ಕ ಕಡಿಯುತ್ತದೆ. ಆದಕಾರಣ ಗಾಳಿಯ ಹಂತದೊಂದಿಗೆ ಮಳೆಯ ಪ್ರಮಾಣವನ್ನೂ ನೋಡಬೇಕು: 24 ಗಂಟೆಗಳಲ್ಲಿ 64.5 ಮಿ.ಮೀ.ನಿಂದ ಭಾರಿ, 115.6ರಿಂದ ಅತಿ ಭಾರಿ, 204.4 ಮೀರಿದರೆ ಅತ್ಯಂತ ಭಾರಿ ಮಳೆ. ಕಿತ್ತಳೆ ಬಣ್ಣ ಸಿದ್ಧತೆಯ ಸೂಚನೆ; ಕೆಂಪು ಬಣ್ಣ ಕ್ರಮ ಕೈಗೊಳ್ಳುವ ಸೂಚನೆ.

5. ಸದಸ್ಯರ ಕರ್ತವ್ಯಗಳು
• ಪ್ರಕಟಣೆಯ ದಿನಾಂಕ, ವೇಳೆಗಳನ್ನು ಪರಿಶೀಲಿಸದೆ ಸಂದೇಶವನ್ನು ಮುಂದಕ್ಕೆ ಕಳುಹಿಸಬಾರದು.
• ಕಿತ್ತಳೆ ಸೂಚನೆ ಬಂದಾಗಲೇ ಗರ್ಭಿಣಿಯರು, ರೋಗಿಗಳು, ವೃದ್ಧರ ಪಟ್ಟಿಯನ್ನು ಪಂಚಾಯತ ಅಭಿವೃದ್ಧಿ ಅಧಿಕಾರಿಗಳಿಗೆ ನೀಡಿ, ಹಳ್ಳ ತುಂಬುವ ಮುನ್ನ ಅಂಥವರನ್ನು ಸ್ಥಳಾಂತರಿಸಲು ಸಹಕರಿಸಬೇಕು.
• ಮೊಬೈಲ್ ಸಂಪರ್ಕವಿಲ್ಲದ ವಸತಿಗಳಲ್ಲಿ ಡಂಗುರ ಸಾರಿಸಬೇಕು.

ಅಭ್ಯಾಸ: ಗಂಟೆಗೆ 55 ಕಿ.ಮೀ. ವೇಗದ ಗಾಳಿ ಮತ್ತು ಕೆಂಪು ಸೂಚನೆ, ಎರಡೂ ಒಟ್ಟಿಗೆ ಪ್ರಕಟವಾದರೆ ತಮ್ಮ ಗ್ರಾಮದಲ್ಲಿ ಮೊದಲು ಯಾರ ಮನೆಗೆ ಹೋಗಬೇಕೆಂಬುದನ್ನು ಮುಂದಿನ ಸಭೆಯಲ್ಲಿ ಚರ್ಚಿಸಿ ನಿರ್ಧರಿಸಬೇಕು.