ಕುಣಿತದ ಹಲಗೆ: ಕೊಳ್ಳುವ ಮುನ್ನ ಕೆಲವು ವಿಚಾರಗಳು

ಶರೀರಕ್ಕೆ ಅನ್ನ ಹೇಗೋ ಚಲನೆಯೂ ಹಾಗೆಯೇ ಎಂಬುದನ್ನು ನಮ್ಮ ಹಿರಿಯರು ಗ್ರಂಥ ಓದಿ ತಿಳಿದವರಲ್ಲ. ಬಾವಿಯಿಂದ ನೀರು ಸೇದಿ, ಹೊಲಕ್ಕೆ ನಡೆದು, ಜಾತ್ರೆಯಲ್ಲಿ ಕೋಲಾಟವಾಡಿ ತಿಳಿದವರು. ಉದ್ಯೋಗಕ್ಕಾಗಿ ಊರು ಬಿಟ್ಟು ಮಹಾನಗರವನ್ನು ಸೇರಿದ ನಮಗೆ ಆ ಬಾವಿಯೂ ಇಲ್ಲ, ಹೊಲವೂ ಇಲ್ಲ. 1967ರಲ್ಲಿ ಇಸಿಐಎಲ್, 1971ರಲ್ಲಿ ಪರಮಾಣು ಇಂಧನ ಸಂಕೀರ್ಣ ಇಲ್ಲಿ ಸ್ಥಾಪನೆಗೊಂಡ ಮೇಲೆ ಕುಷಾಯಿಗೂಡದ ಸುತ್ತಮುತ್ತ ಕಾರ್ಖಾನೆಗಳೂ ವಸತಿಗಳೂ ಬೆಳೆದವು; ನಮ್ಮಂತಹ ಅನೇಕ ಕನ್ನಡ ಕುಟುಂಬಗಳೂ ಇಲ್ಲಿ ನೆಲೆ ಕಂಡುಕೊಂಡವು. ಆಗ ಮಕ್ಕಳು ಆಡುತ್ತಿದ್ದ ಬಯಲುಗಳಲ್ಲಿ ಇಂದು ಬಹುಮಹಡಿ ಕಟ್ಟಡಗಳಿವೆ. ಇಸಿಐಎಲ್ ಚೌಕದ ವಾಹನ ಸಂದಣಿಯನ್ನು ದಾಟಿ ಮಗುವನ್ನು ಮೈದಾನಕ್ಕೆ ಕಳುಹಿಸುವ ಧೈರ್ಯ ಎಷ್ಟು ತಂದೆ-ತಾಯಿಗಳಿಗಿದೆ? ಏಪ್ರಿಲ್-ಮೇ ತಿಂಗಳ ಬಿಸಿಲಂತೂ ಹಿರಿಯರನ್ನೂ ಮನೆಯೊಳಗೇ ಕೂಡಿಹಾಕುತ್ತದೆ.

ಈ ಪರಿಸ್ಥಿತಿಯಲ್ಲಿ, ಮನೆಯೊಳಗೇ ಬೆವರು ಹರಿಸುವ ಒಂದು ಸಾಧನವು ನಮ್ಮ ಮಕ್ಕಳ ಗಮನ ಸೆಳೆದಿದೆ. ಅದುವೇ ಕುಣಿತದ ಹಲಗೆ. ಅದನ್ನು ಆರಿಸುವಲ್ಲಿ ನಾನು ಮಾಡಿದ ತಪ್ಪನ್ನು ಇತರರು ಮಾಡದಿರಲೆಂಬ ಉದ್ದೇಶದಿಂದ ಈ ಲೇಖನ.

ಆಟದ ಸ್ವರೂಪ

1998ರಲ್ಲಿ ಜಪಾನಿನ ಕೊನಾಮಿ ಸಂಸ್ಥೆಯು 'ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್' ಎಂಬ ಆಟದ ಯಂತ್ರವನ್ನು ಹೊರತಂದಿತು. ಪರದೆಯ ಮೇಲೆ ಬಾಣದ ಗುರುತುಗಳು ಹಾಡಿನ ಲಯಕ್ಕೆ ಸರಿಯಾಗಿ ಮೇಲೇರುತ್ತವೆ. ಗೊತ್ತಾದ ರೇಖೆಯನ್ನು ಅವು ಮುಟ್ಟುವ ಕ್ಷಣದಲ್ಲಿ ಆಟಗಾರನು ಕಾಲ ಕೆಳಗಿನ ಅದೇ ಬಾಣವನ್ನು ತುಳಿಯಬೇಕು. ಮುಂದೆ, ಹಿಂದೆ, ಎಡ, ಬಲ ಹೀಗೆ ನಾಲ್ಕು ಬಾಣಗಳು. ನಡುವೆ ನಿಲ್ಲುವ ಚೌಕ. ಮರುವರ್ಷ ಕೊರಿಯಾ ದೇಶದಿಂದ ಬಂದ 'ಪಂಪ್ ಇಟ್ ಅಪ್' ಎಂಬ ಆಟದಲ್ಲಿ ನಾಲ್ಕು ಮೂಲೆಗಳು ಮತ್ತು ನಡುಭಾಗ ಸೇರಿ ಐದು ಫಲಕಗಳಿವೆ. ಮನೆಯ ಗಣಕಯಂತ್ರದಲ್ಲಿ ಆಡಲು 'ಸ್ಟೆಪ್‌ಮೇನಿಯಾ' ಎಂಬ ಉಚಿತ ತಂತ್ರಾಂಶವಿದೆ. ಇದರಲ್ಲಿ ನಮಗೆ ಬೇಕಾದ ಹಾಡಿಗೆ ನಾವೇ ಹೆಜ್ಜೆಗಳನ್ನು ಜೋಡಿಸಬಹುದು. ಕೋಲಾಟದ ಪದಕ್ಕೂ ಸುಗ್ಗಿಯ ಹಾಡಿಗೂ ಮಗು ಹೆಜ್ಜೆ ಹಾಕಬಹುದೆಂದರೆ ಪ್ರವಾಸಿ ಕನ್ನಡಿಗರಿಗೆ ಇದು ಸಣ್ಣ ಲಾಭವಲ್ಲ.

ಇದು ಕೇವಲ ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. ಮಕ್ಕಳ ಸ್ಥೂಲಕಾಯದಿಂದ ಚಿಂತಿತವಾದ ಅಮೆರಿಕದ ಪಶ್ಚಿಮ ವರ್ಜೀನಿಯಾ ರಾಜ್ಯವು 2006ರಲ್ಲಿ ತನ್ನ ಸರಕಾರಿ ಶಾಲೆಗಳಿಗೆ ಈ ಆಟವನ್ನು ಒದಗಿಸುವ ಯೋಜನೆಯನ್ನು ಪ್ರಕಟಿಸಿತು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಯಂತೆ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಸಾಧಾರಣದಿಂದ ತೀವ್ರ ಮಟ್ಟದ ಚಟುವಟಿಕೆ ಬೇಕು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ವ್ಯಾಯಾಮ ಅಗತ್ಯ. ಈ ಲೆಕ್ಕದಲ್ಲಿ ಒಂದು ಪಾಲನ್ನಾದರೂ ಇಂತಹ ಆಟ ತುಂಬಬಲ್ಲದು.

ನನ್ನ ಮನೆಯ ಪ್ರಸಂಗ

ಹನ್ನೊಂದು ವರ್ಷದ ಮೊಮ್ಮಗಳ ಒತ್ತಾಯಕ್ಕೆ ಮಣಿದು, ಮಡಿಚಿಡಬಹುದಾದ ತೆಳು ಪ್ಲಾಸ್ಟಿಕ್ ಹಾಳೆಯೊಂದನ್ನು ತರಿಸಿದೆ. ಅಗ್ಗವಾಗಿತ್ತು, ಹಗುರವಾಗಿತ್ತು, ಮಂಚದ ಕೆಳಗೆ ಇಡಲು ಅನುಕೂಲವೂ ಆಗಿತ್ತು. ನುಣುಪಾದ ಟೈಲ್ಸ್ ನೆಲದ ಮೇಲೆ, ಕಾಲುಚೀಲ ತೊಟ್ಟು ಅವಳು ಕುಣಿದಳು. ನಾಲ್ಕನೆಯ ದಿನ ಹಾಳೆ ಸರಿದು ಬಿದ್ದಳು. ನಾನು ಗದರಿಸಲು ಹೋದರೆ, ಅಳುತ್ತಲೇ, "ಅಜ್ಜಾ, ನಾ ಜಾರಿಲ್ಲ, ಹಾಳೀನೇ ಜಾರ್ಯದ!" ಎಂದಳು. ಹರಡು ಉಳುಕಿ ಮೂರು ವಾರ ಶಾಲೆಯ ಆಟವೂ ಭರತನಾಟ್ಯದ ಪಾಠವೂ ನಿಂತವು. ಮಗು ಹೇಳಿದ್ದು ಅಕ್ಷರಶಃ ಸತ್ಯವೆಂದು ನನಗೆ ಆಮೇಲೆ ಅರ್ಥವಾಯಿತು. ಅಪರಾಧ ಕುಣಿತದ್ದಲ್ಲ, ನೆಲೆಯದು.

ಮೆತ್ತನೆಯ ಹಾಳೆ, ಗಟ್ಟಿ ಹಲಗೆ

ಮೆತ್ತನೆಯ ಹಾಳೆಯೊಳಗೆ ವಿದ್ಯುತ್ ಹರಿಸಬಲ್ಲ ಎರಡು ಪದರಗಳಿರುತ್ತವೆ. ಅವುಗಳ ನಡುವೆ ರಂಧ್ರಗಳುಳ್ಳ ಸ್ಪಂಜಿನ ಹಾಳೆ. ತುಳಿದಾಗ ರಂಧ್ರದ ಮೂಲಕ ಪದರಗಳು ಒಂದನ್ನೊಂದು ಮುಟ್ಟಿ ಸಂಕೇತ ಹೊರಡುತ್ತದೆ. ಕಾಲಕ್ರಮದಲ್ಲಿ ಸ್ಪಂಜು ಕುಗ್ಗುತ್ತದೆ, ಪದರಗಳು ಸುಕ್ಕುಗಟ್ಟುತ್ತವೆ. ತುಳಿದರೂ ಸಂಕೇತ ಬರದು, ಅಥವಾ ತುಳಿಯದೆಯೇ ಬರುತ್ತದೆ. ಆಗ ಮಗು ಇನ್ನೂ ಜೋರಾಗಿ ತುಳಿಯತೊಡಗುತ್ತದೆ. ಈ ಜೋರಿನ ದಂಡವನ್ನು ತೆರುವುದು ಮೊಣಕಾಲು.

ಗಟ್ಟಿ ಹಲಗೆಯಲ್ಲಿ ಮರದ ಅಥವಾ ಲೋಹದ ಚೌಕಟ್ಟಿನೊಳಗೆ ಬಿಗಿಯಾದ ಫಲಕಗಳಿರುತ್ತವೆ. ಕೆಲವದರಲ್ಲಿ ಎರಡು ಲೋಹದ ತಗಡುಗಳು ಮುಟ್ಟುವ ಸರಳ ವ್ಯವಸ್ಥೆ. ಕೆಲವದರಲ್ಲಿ ಫಲಕದ ಅಂಚುಗಳ ಕೆಳಗೆ ಒತ್ತುಪಟ್ಟಿಗಳು. ಇನ್ನು ಕೆಲವದರಲ್ಲಿ, ಒತ್ತಡ ಹೆಚ್ಚಿದಂತೆ ವಿದ್ಯುತ್ ನಿರೋಧವು ಕಡಿಮೆಯಾಗುವ ಸಂವೇದಕಗಳು. ಈ ಕೊನೆಯ ಬಗೆಯಲ್ಲಿ ಎಷ್ಟು ಭಾರಕ್ಕೆ ಸಂಕೇತ ಹೊರಡಬೇಕೆಂಬುದನ್ನು ನಾವೇ ನಿಗದಿ ಮಾಡಬಹುದು. ಹಗುರಾದ ಮಗುವಿಗೊಂದು ಅಳತೆ, ದೊಡ್ಡವರಿಗೊಂದು ಅಳತೆ. ಹಗುರವಾಗಿ ತುಳಿದರೂ ಸಾಕಾಗುವುದೇ ಆರೋಗ್ಯದೃಷ್ಟಿಯಿಂದ ಇದರ ದೊಡ್ಡ ಗುಣ.

ಒಂದು ಭ್ರಮೆಯನ್ನು ಇಲ್ಲಿ ನಿವಾರಿಸಬೇಕು. ಗಟ್ಟಿ ಹಲಗೆಯೆಂದರೆ ಪಾದದ ಕೆಳಗೆ ಸರಿಯದ ನೆಲೆಯೇ ಹೊರತು ಕೀಲುಗಳಿಗೆ ಮೆತ್ತೆಯಲ್ಲ. ಕಾಂಕ್ರೀಟಿನ ಮೇಲಿಟ್ಟ ಹಲಗೆಯು ಕಾಂಕ್ರೀಟಿನಷ್ಟೇ ಕಠಿಣ. ಸಗಣಿ ಸಾರಿಸಿದ ಮಣ್ಣಿನ ನೆಲದಲ್ಲಿ ನಮ್ಮವರು ಕುಣಿದದ್ದಕ್ಕೂ ಇದಕ್ಕೂ ಬಹಳ ಅಂತರವಿದೆ.

ಆಯ್ಕೆಯ ಐದು ಪರೀಕ್ಷೆಗಳು

1. ಫಲಕಗಳ ವಿನ್ಯಾಸ: ಮಗು ಆಡಬಯಸುವ ಆಟ ನಾಲ್ಕು ಬಾಣದ್ದೋ ಐದು ಫಲಕದ್ದೋ ಎಂಬುದನ್ನು ಮೊದಲು ಕೇಳಿ ತಿಳಿಯಿರಿ. ಒಂದಕ್ಕಾಗಿ ಮಾಡಿದ ಹಲಗೆ ಇನ್ನೊಂದಕ್ಕೆ ಒದಗುವುದಿಲ್ಲ.

2. ಅಳತೆ ಮತ್ತು ತೂಕ: ಆಟದ ಅಂಗಡಿಗಳಲ್ಲಿನ ಯಂತ್ರದ ಒಂದೊಂದು ಫಲಕವೂ ಸುಮಾರು 28 ಸೆಂಟಿಮೀಟರ್ ಚೌಕದ್ದು, ಮೂರು ಸಾಲು ಸೇರಿದರೆ ಸುಮಾರು 84 ಸೆಂಟಿಮೀಟರ್. ಇದಕ್ಕಿಂತ ತೀರ ಚಿಕ್ಕದಾದ ಹಲಗೆಯಲ್ಲಿ ದೊಡ್ಡವರ ಪಾದ ಪಕ್ಕದ ಫಲಕವನ್ನು ತಾಗುತ್ತದೆ. ಹಲಗೆಯ ಸುತ್ತ, ವಿಶೇಷವಾಗಿ ಹಿಂಬದಿಯಲ್ಲಿ, ಗಾಜಿನ ಮೇಜು ಮೊದಲಾದ ವಸ್ತುಗಳಿರಬಾರದು. ತೂಕ ಹೆಚ್ಚಿದ್ದಷ್ಟೂ ಹಲಗೆ ಜಾರದು. ಆದರೆ ನಿತ್ಯವೂ ಎತ್ತಿಡಬೇಕಾದ ಮನೆಯಲ್ಲಿ ಆ ತೂಕವೇ ಬೆನ್ನುನೋವಿಗೆ ಕಾರಣವಾದೀತು. ಅದನ್ನು ಇಡುವ ಜಾಗವನ್ನು ಅಳೆದ ಮೇಲೆಯೇ ಹಣ ಕೊಡಿ.

3. ದುರಸ್ತಿಯ ಸೌಲಭ್ಯ: ತಿರುಪು ಬಿಚ್ಚಿ ಒಂದೇ ಫಲಕವನ್ನು ಸರಿಪಡಿಸಲು ಸಾಧ್ಯವೆ? ಬಿಡಿಭಾಗಗಳು ದೊರೆಯುತ್ತವೆಯೆ? ಒಂದು ಕಾಲಕ್ಕೆ ಪ್ರಸಿದ್ಧವಾಗಿದ್ದ ಅಮೆರಿಕದ 'ಕೋಬಾಲ್ಟ್ ಫ್ಲಕ್ಸ್' ಹಲಗೆಗಳ ತಯಾರಿಕೆ ನಿಂತುಹೋಗಿದೆ. ಆಮೇಲೆ ಮನೆಬಳಕೆಗೆ ಹೆಸರು ಗಳಿಸಿದ್ದು ಪೋಲೆಂಡಿನ 'ಎಲ್‌ಟೆಕ್'. ಹಳೆಯದನ್ನು ಕೊಳ್ಳುವವರು ಈ ಪ್ರಶ್ನೆಯನ್ನು ಮರೆಯಬಾರದು. ವಿದೇಶದಿಂದ ತರಿಸುವುದಾದರೆ ಸಾಗಣೆಯ ವೆಚ್ಚವನ್ನೂ ಸುಂಕವನ್ನೂ ಬೆಲೆಗೆ ಕೂಡಿಸಿ ನೋಡಬೇಕು.

4. ಮೇಲ್ಮೈ ಮತ್ತು ಆಸರೆ: ಅಂಚುಗಳು ಚೂಪಾಗಿರಬಾರದು, ತಿರುಪಿನ ತಲೆಗಳು ಮೇಲೆದ್ದಿರಬಾರದು. ಬೆವರಿನ ಹನಿ ಬಿದ್ದಾಗಲೂ ಜಾರಬಾರದು. ಹಿಂದೆ ಹಿಡಿಕೆಯ ಸರಳಿದ್ದರೆ ಸಮತೋಲಕ್ಕೆ ಒಳ್ಳೆಯದು, ಆದರೆ ಅದು ಹಲಗೆಗೆ ಭದ್ರವಾಗಿ ಜೋಡಣೆಯಾಗಿರಬೇಕು. ಅಲುಗಾಡುವ ಸರಳಿಗಿಂತ ಸರಳಿಲ್ಲದಿರುವುದೇ ಮೇಲು.

5. ಸಂಪರ್ಕ: ಹಲಗೆಯು ನಿಮ್ಮ ಗಣಕಯಂತ್ರಕ್ಕೆ ಯುಎಸ್‌ಬಿ ತಂತಿಯಿಂದ ಸೇರುವುದೇ ಎಂದು ನೋಡಿ. ತುಳಿದದ್ದಕ್ಕೂ ಪರದೆಯ ಮೇಲೆ ಕಂಡದ್ದಕ್ಕೂ ಅಂತರ ಕಂಡರೆ ದೋಷ ಹಲಗೆಯದೇ ಎನ್ನುವಂತಿಲ್ಲ. ಅನೇಕ ದೂರದರ್ಶನ ಯಂತ್ರಗಳು ಚಿತ್ರವನ್ನು ತುಸು ತಡವಾಗಿ ತೋರಿಸುತ್ತವೆ. ಅವುಗಳಲ್ಲಿನ 'ಗೇಮ್ ಮೋಡ್' ವ್ಯವಸ್ಥೆಯನ್ನು ಬಳಸಿದರೆ ಈ ವಿಳಂಬ ಕಡಿಮೆಯಾಗುತ್ತದೆ.

ಕೆಳಮನೆಯವರ ನಿದ್ರೆ

ನಾವಿರುವುದು ಮೂರನೆಯ ಮಹಡಿ. ಕೆಳಗೆ ಹೃದಯದ ಶಸ್ತ್ರಚಿಕಿತ್ಸೆಯಾದ ತೆಲುಗು ಹಿರಿಯರೊಬ್ಬರು ವಿಶ್ರಾಂತಿಯಲ್ಲಿದ್ದಾರೆ. ನಮ್ಮ ಮನೆಯ ವ್ಯಾಯಾಮವು ಅವರ ಮನೆಯ ವ್ಯಾಧಿಯಾಗಬಾರದಷ್ಟೆ. ಹೆಜ್ಜೆಯ ಸದ್ದು ಗಾಳಿಯಲ್ಲಿ ಹೋಗುವುದಕ್ಕಿಂತ ಹೆಚ್ಚಾಗಿ ಕಟ್ಟಡದ ಮೈಯಲ್ಲಿ ಇಳಿಯುತ್ತದೆ. ಬಾಗಿಲು ಮುಚ್ಚಿದರೆ ಅದು ತಡೆಯದು. ಹಲಗೆಯ ಕೆಳಗೆ ದಪ್ಪ ರಬ್ಬರಿನ ಚಾಪೆ, ಅದರ ಮೇಲೆ ಪ್ಲೈವುಡ್ಡು, ಅದರ ಮೇಲೆ ಹಲಗೆ ಎಂಬ ಕ್ರಮದಲ್ಲಿ ಇಟ್ಟರೆ ಸದ್ದು ತಗ್ಗುತ್ತದೆ, ಹಲಗೆ ಜಾರುವುದೂ ತಪ್ಪುತ್ತದೆ. ಬರಿಯ ಮೆತ್ತನೆಯ ಹಾಸಿಗೆಯ ಮೇಲೆ ಹಲಗೆ ಇಟ್ಟರೆ ಅದು ಬಾಗಿ ಫಲಕಗಳು ಕೆಡುತ್ತವೆ. ಇಷ್ಟು ಮಾಡಿದರೂ ನೆಗೆತದ ಗುದ್ದು ಸಂಪೂರ್ಣ ಇಲ್ಲವಾಗದು. ಆದ್ದರಿಂದ ನಾನು ಕೆಳಗಿಳಿದು ಅವರನ್ನೇ ಕೇಳಿದೆ. ಸಂಜೆ ಐದೂವರೆಗೆ ತಾವು ಉದ್ಯಾನಕ್ಕೆ ಹೋಗುವುದಾಗಿಯೂ, ಆ ಮುಕ್ಕಾಲು ಗಂಟೆ ಮಗು ಆಡಲೆಂದೂ ಅವರು ಸಂತೋಷದಿಂದ ಹೇಳಿದರು. ರಬ್ಬರಿನ ಚಾಪೆಗಿಂತ ಆ ಒಂದು ಮಾತು ಹೆಚ್ಚು ಕೆಲಸ ಮಾಡಿತು.

ದೇಹದ ಎಚ್ಚರಿಕೆ

ಆರಂಭಕ್ಕೆ ಐದು ನಿಮಿಷ ನಿಂತಲ್ಲೇ ನಡೆದು ಮೈ ಬೆಚ್ಚಗಾಗಿಸಬೇಕು. ಮೊದಲ ವಾರ ದಿನಕ್ಕೆ ಹತ್ತು-ಹದಿನೈದು ನಿಮಿಷ ಸಾಕು, ಕ್ರಮೇಣ ಹೆಚ್ಚಿಸಬಹುದು. ಮೊಣಕಾಲು ತುಸು ಮಡಿಸಿ, ಮುಂಗಾಲಿನ ಮೇಲೆ ಹಗುರವಾಗಿ ಇಳಿಯಬೇಕು. ಭರತನಾಟ್ಯ ಕಲಿಯುವ ಮಕ್ಕಳು ತಟ್ಟಡವಿನ ಅಭ್ಯಾಸಬಲದಿಂದ ಇಲ್ಲಿಯೂ ಪೂರ್ಣ ಪಾದ ಬಡಿಯುತ್ತಾರೆ, ಇದನ್ನು ತಿದ್ದಬೇಕು. ಲೋಹದ ಹಲಗೆಯ ಮೇಲೆ ಕಾಲುಚೀಲ ಸಲ್ಲದು. ಚಪ್ಪಟೆ ತಳದ, ತುಸು ಮೆತ್ತೆಯುಳ್ಳ ಶುಭ್ರವಾದ ಬೂಟು ಉತ್ತಮ.

ಬೆಳೆಯುವ ಮಕ್ಕಳಲ್ಲಿ ಮೊಣಕಾಲಿನ ಚಿಪ್ಪಿನ ಕೆಳಗಿನ ಉಬ್ಬಿನಲ್ಲಿ ನೋವು ಕಾಣಿಸಿದರೆ ಅದನ್ನು ಸೋಮಾರಿತನದ ನೆಪವೆಂದು ಬಗೆಯಬೇಡಿ. ನೆಗೆತ ಹೆಚ್ಚಾದಾಗ ಅಲ್ಲಿನ ಎಳೆಯ ಮೂಳೆ ಸೆಳೆತಕ್ಕೊಳಗಾಗುವ 'ಆಸ್‌ಗುಡ್-ಶ್ಲಾಟರ್' ಎಂಬ ತೊಂದರೆಯಿದೆ. ವಿಶ್ರಾಂತಿಯೇ ಅದರ ಮೊದಲ ಔಷಧ. ಹರಡು ಉಳುಕಿದಾಗ ನಾಲ್ಕು ಹೆಜ್ಜೆಯೂ ಊರಲಾಗದಿದ್ದರೆ ಎಣ್ಣೆ ತಿಕ್ಕುತ್ತ ಕೂರದೆ ವೈದ್ಯರಲ್ಲಿಗೆ ಹೋಗಿ ಎಕ್ಸ್-ರೇ ತೆಗೆಸಬೇಕು.

ಹಿರಿಯರೂ ಮೊಮ್ಮಕ್ಕಳೊಡನೆ ಹೆಜ್ಜೆ ಹಾಕಲು ಬಯಸುವುದು ಸಹಜ. ಆದರೆ ಹೃದ್ರೋಗ, ಹತೋಟಿಗೆ ಬಾರದ ರಕ್ತದೊತ್ತಡ, ಸವೆದ ಮೊಣಕಾಲು ಉಳ್ಳವರು ವೈದ್ಯರ ಅನುಮತಿಯಿಲ್ಲದೆ ಹಲಗೆ ಏರಬಾರದು. ಮಧುಮೇಹಿಗಳು ಎರಡು ವಿಷಯ ನೆನಪಿಡಬೇಕು: ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ಸೇವಿಸುವವರಿಗೆ ವ್ಯಾಯಾಮದಿಂದ ಸಕ್ಕರೆಯ ಅಂಶ ಹಠಾತ್ತನೆ ಇಳಿಯಬಹುದು, ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಗಾಯವಾದದ್ದೂ ತಿಳಿಯದು, ಆದುದರಿಂದ ಅವರು ಬರಿಗಾಲಿನಲ್ಲಿ ಆಡಲೇಬಾರದು. ಮಿನುಗುವ ಬೆಳಕಿನಿಂದ ಮೂರ್ಛೆ ಬರುವ ಪ್ರವೃತ್ತಿಯುಳ್ಳವರು ಈ ಆಟದಿಂದ ದೂರವಿರುವುದು ಕ್ಷೇಮ.

ನಮ್ಮಲ್ಲಿಯೇ ಮಾಡಿಸಬಹುದೆ?

ಟ್ರಾಂಬೆಯಲ್ಲಿ ರೂಪುಗೊಂಡ ಟಿಡಿಸಿ-12 ಗಣಕಯಂತ್ರವನ್ನು ತಯಾರಿಸಿಕೊಟ್ಟ ಇಸಿಐಎಲ್ ಇರುವ ಊರಿನಲ್ಲಿ ನಾಲ್ಕು ಒತ್ತುಗುಂಡಿಗಳ ಹಲಗೆ ಅಸಾಧ್ಯವೇನಲ್ಲ. ಕುಷಾಯಿಗೂಡ, ಚೆರ್ಲಪಲ್ಲಿಗಳ ಕೈಗಾರಿಕಾ ಪ್ರದೇಶಗಳಲ್ಲಿ ತಗಡು ಕತ್ತರಿಸಿ ಬೆಸೆಯುವ ನಿಪುಣರಿದ್ದಾರೆ. 18 ಮಿಲಿಮೀಟರ್ ಪ್ಲೈವುಡ್ಡಿನ ತಳ, ಎರಡು ಲೋಹದ ತಗಡುಗಳು, ನಡುವೆ ಅಂಚಿಗೆ ಸ್ಪಂಜಿನ ಪಟ್ಟಿ, ಮೇಲೆ ಗಟ್ಟಿ ಫಲಕ, ಹಳೆಯ ಆಟದ ಕೈಹಿಡಿಕೆಯೊಂದರಿಂದ ತೆಗೆದ ಯುಎಸ್‌ಬಿ ಮಂಡಲ, ಇವಿಷ್ಟರಿಂದ ಸರಳ ಹಲಗೆ ಸಿದ್ಧವಾಗುತ್ತದೆ. ಅದರಲ್ಲಿ ಹರಿಯುವುದು ಗಣಕಯಂತ್ರ ಕೊಡುವ 5 ವೋಲ್ಟ್ ಮಾತ್ರ. ಮನೆಯ ವಿದ್ಯುತ್ತಿಗೆ ಯಾವ ಕಾರಣಕ್ಕೂ ಅದನ್ನು ನೇರವಾಗಿ ಜೋಡಿಸಕೂಡದು. ನಮ್ಮ ಮನೆಯ ಈಗಿನ ಹಲಗೆ ಹೀಗೆ ಸಿದ್ಧವಾದದ್ದೇ. ನಿವೃತ್ತನಾದ ನನ್ನ ಕೈಗೂ ಒಂದು ತಿಂಗಳು ಕೆಲಸ ದೊರೆಯಿತು. ಅಂಚುಗಳನ್ನು ಉಜ್ಜುಕಾಗದದಿಂದ ನುಣುಪು ಮಾಡುವಾಗ ಮೊಮ್ಮಗಳೂ ಜೊತೆಗೂಡಿದಳು.

ಉಪಸಂಹಾರ

ಯಾವ ಹಲಗೆಯೂ ಕಾಪ್ರಾ ಕೆರೆಯ ಕಡೆಯ ಮುಂಜಾವಿನ ನಡಿಗೆಗಾಗಲಿ, ಗೆಳೆಯರೊಡನೆ ಬಯಲಿನಲ್ಲಿ ಆಡುವುದಕ್ಕಾಗಲಿ ಬದಲಿಯಲ್ಲ. ಬಯಲು ದೊರೆಯದ ದಿನಕ್ಕೆ ಅದು ಆಸರೆ, ಅಷ್ಟೆ. ಆದರೆ ಆ ಆಸರೆ ಜಾರದಂತಿರಬೇಕು. ಮಕ್ಕಳ ಆಟಿಕೆಗೆ ಹಣ ಕೊಡುವಾಗ ಬಣ್ಣವನ್ನೂ ಬೆಲೆಯನ್ನೂ ನೋಡುವ ನಾವು, ಅವರು ಕಾಲೂರುವ ನೆಲೆಯನ್ನು ನೋಡಲು ಮರೆಯುತ್ತೇವೆ. ನಾನು ಮರೆತೆ, ಮಗು ನೋವುಂಡಿತು. ವಾಚಕ ಬಂಧುಗಳು ಮೊದಲು ನೆಲವನ್ನು ನೋಡಲಿ, ಬಳಿಕ ಕೆಳಮನೆಯವರನ್ನು ಕೇಳಲಿ, ಕೊನೆಗೆ ಹಲಗೆಯನ್ನು ಕೊಳ್ಳಲಿ ಎಂಬುದೇ ನನ್ನ ವಿನಮ್ರ ವಿಜ್ಞಾಪನೆ.