ಅರ್ಧ ಸೀರೆ ಮಗ್ಗದ ಮೇಲಿತ್ತು

‘ನಡುವ ಕೈ ಬಿಟ್ಟಾಂವ’ ಅಂತ ಇಳಕಲ್ಲಿನಲ್ಲಿ ಕೆಲವರು ಇನ್ನೂ ನನ್ನನ್ನು ಆಡಿಕೊಳ್ಳುತ್ತಾರೆ. ಹೌದು, ಸಾವಕಾರರನ್ನು ಬಿಟ್ಟೆ, ಮುಂಗಡದ ಬಾಕಿ ಇರುವಾಗಲೇ ಬಿಟ್ಟೆ. ಬಿಟ್ಟಿದ್ದು ಸರಿಯೇ. ಒಬ್ಬೊಬ್ಬರಿಗೂ ಉತ್ತರ ಕೊಟ್ಟು ಬೇಸರ ಬಂದಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮಗ್ಗ ನಮ್ಮದು, ಮನೆ ನಮ್ಮದು. ನೂಲು, ರೇಷ್ಮೆ ಸಾವಕಾರರದ್ದು. ಸೀರೆಗೆ ಇಷ್ಟು ಅಂತ ಮಜೂರಿ. ಪಗಾರ ಇಲ್ಲ, ರಜೆ ಇಲ್ಲ, ಪಿ.ಎಫ್. ಇಲ್ಲ. ಹೇಳಿಕೊಳ್ಳಲಿಕ್ಕೆ ನಾವು ಯಾರ ಆಳೂ ಅಲ್ಲ. ಆದರೆ ಮಳೆಗಾಲದಲ್ಲಿ ಕುಣಿ ಮಗ್ಗದೊಳಗೆ ನೀರು ಜಿನುಗುತ್ತದೆಂದು ನೆಲ ಎತ್ತರಿಸಲು ನಲವತ್ತು ಸಾವಿರ ಮುಂಗಡ ತಂದೆನಲ್ಲ, ಅವತ್ತಿನಿಂದ ಬೇರೆಯವರ ಸೀರೆ ನೇಯುವ ಹಾಗಿಲ್ಲ, ಮಜೂರಿ ಹೆಚ್ಚು ಮಾಡಿ ಅನ್ನುವ ಹಾಗಿಲ್ಲ. ಜಾಮೀನಿಗೆ ನಿಂತವರು ಪಟ್ಟದಕಲ್ಲಿನ ನನ್ನ ಸೋದರಮಾವ.

ಜಗಳ ಹುಟ್ಟಿದ್ದು ‘ದಾಗಿ’ನಿಂದ. ಸೀರೆ ಒಪ್ಪಿಸಿದಾಗಲೆಲ್ಲ ಎಲ್ಲೋ ಒಂದು ಕಲೆ, ಎಲ್ಲೋ ಒಂದು ಎಳೆ ಬಿಟ್ಟಿದೆ ಅಂತ ಮಜೂರಿ ಮುರಿಯುವರು. ಮುರಿದದ್ದು ಬಾಕಿಗೆ ಜಮೆ ಆಯಿತೋ ಇಲ್ಲವೋ ತಿಳಿಯದು. ಪುಸ್ತಕ ತೋರಿಸಿರೆಂದರೆ, “ನನ್ನ ಮ್ಯಾಲೆ ಭರವಸಾ ಇಲ್ಲೇನಪಾ?” ಅನ್ನುವರು. ಕೊನೆಗೊಂದು ವಾರ ಮಜೂರಿಯನ್ನು ಪೂರ್ತಿ ಮುರಿದುಕೊಂಡು ಬರಿಗೈಲಿ ಕಳಿಸಿದರು. ಮನೆಯಲ್ಲಿ ಜೋಳದ ಹಿಟ್ಟು ತಳ ಕಂಡಿತ್ತು. ಆವತ್ತೇ ಲಾಳಿ ಕೆಳಗಿಟ್ಟೆ.

ಮಾವನನ್ನು ಕಂಡು ಬರೋಣವೆಂದು ಪಟ್ಟದಕಲ್ಲಿಗೆ ಹೋದೆ. ವಿರೂಪಾಕ್ಷ ಗುಡಿಯ ಬಯಲಲ್ಲಿ ಕೂರಿಸಿಕೊಂಡು ಅವರು ಸಾವಕಾರರ ದೊಡ್ಡತನ ಹೇಳಿದ್ದೇ ಹೇಳಿದ್ದು. “ಉಪ್ಪುಂಡ ಮನಿ ತಮ್ಮಾ, ಹಂಗೆಲ್ಲ ಬಿಡಬಾರದು.” ಎರಡನೆಯ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಅದು. ಕಟ್ಟಿದ ಸೂತ್ರಧಾರಿ ಗುಂಡನ ಹೆಸರೂ ಅವನಿಗೆ ಸಂದ ಅನಿವಾರಿತಾಚಾರಿ ಎಂಬ ಬಿರುದೂ ಅಲ್ಲಿಯ ಶಾಸನದಲ್ಲಿವೆ. ಎಂಟನೆಯ ಶತಮಾನದಲ್ಲಿ ಕೆಲಸಗಾರನಿಗೆ ಏನು ಸಂದಿತೆಂದು ಕಲ್ಲಿನಲ್ಲಿ ಬರೆಸಿದರು. ನನಗೆ ಸಂದದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಡಿ ಅಂದರೆ ಸೊಕ್ಕು. ಇದನ್ನು ಮಾವನಿಗೂ ಹೇಳಿದೆ. ಅವರಿಗೆ ಸಿಟ್ಟು ಬಂತು. ಅವರು ಆವತ್ತು ಜಾಮೀನುದಾರರಾಗಿ ಮಾತಾಡಿದರು, ಮಾವನಾಗಿ ಅಲ್ಲ.

ಎರಡು ದಿನ ಬಿಟ್ಟು ಬೆಳಿಗ್ಗೆ ಸಾವಕಾರರ ದಿವಾನಜಿ ತಕ್ಕಡಿ, ಕತ್ತರಿ ಹಿಡಿದುಕೊಂಡು ಮನೆಗೆ ಬಂದ. ಜೊತೆಗೆ ಮಾವ. “ನೇಯೂದಿಲ್ಲಂದ್ರ ನಮ್ಮ ನೂಲು ನಮಗ ಕೊಡ್ರಿ.” ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ, ಚಿಕ್ಕಿ ಪರಾಸ ದಡಿಯದು. ನಮ್ಮ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಸಿಕ್ಕಿಸಿ ಕೊಂಡಿ ಹಾಕಬೇಕು. ಆ ಸೀರೆಗೆ ಕೊಂಡಿ ಹಾಕಿದವಳು ನನ್ನ ಹೆಂಡತಿ. “ಇಷ್ಟು ಸೀರಿ ಮುಗಿಸಿ ಕೊಡ್ತೀನಿ, ಇದರ ಮಜೂರಿ ಮಾತ್ರ ಕೈಗೆ ಕೊಡ್ರಿ,” ಅಂದೆ. ಅವನು ಮಾವನ ಮುಖ ನೋಡಿದ, ಮಾವ ಬಾಗಿಲ ಕಡೆ ನೋಡಿದರು. ಕತ್ತರಿ ಹಾಸಿನ ಮೇಲೆ ಹೋಯಿತು. ಬಿಗಿದು ನಿಂತಿದ್ದ ಎಳೆಗಳೆಲ್ಲ ಒಮ್ಮೆಲೇ ಸಡಿಲಾಗಿ ಹಣಿಗೆ ಜೋತುಬಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಕತ್ತರಿಸಿದ ಬಟ್ಟೆ, ಉಳಿದ ಹಾಸು, ಹೊಕ್ಕಿನ ನೂಲು ಎಲ್ಲವನ್ನೂ ತೂಗಿ, ಕೊಟ್ಟದ್ದಕ್ಕಿಂತ ಕಡಿಮೆ ಬಂತೆಂದ, ಅದೂ ಓಣಿಯವರೆಲ್ಲ ಬಾಗಿಲಲ್ಲಿ ನಿಂತಿರುವಾಗ. ನೇಯುವಾಗ ನೂಲು ಹರಿಯುತ್ತದೆ, ತುಂಡು ಬೀಳುತ್ತದೆ, ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ನನ್ನ ಹೆಂಡತಿ ಮಾತಿಲ್ಲದೆ ಕುಣಿಯೊಳಗಿಳಿದು, ನಾನು ಕಾಲಿಡುವ ಜಾಗದಲ್ಲಿ ಬಿದ್ದಿದ್ದ ತುಂಡು ಎಳೆಗಳನ್ನೆಲ್ಲ ಎರಡೂ ಕೈಯಿಂದ ಬಳಿದು ತಂದು ತಕ್ಕಡಿಗೆ ಸುರಿದಳು. “ಕಸ ತೂಗೂದಿಲ್ಲ,” ಅಂದ ಅವನು. ಕಳ್ಳರೆಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ಮಾವ ಆಗಲಾದರೂ ಒಂದು ಮಾತು ಆಡಬಹುದಿತ್ತು. ಇವತ್ತಿಗೂ ಅವರ ಮನೆಯ ಹೊಸ್ತಿಲು ತುಳಿದಿಲ್ಲ.

ಬಾಗಲಕೋಟೆಯ ವಕೀಲರೊಬ್ಬರು ಬಿಡಿಸಿ ಹೇಳಿದ ಮೇಲೆ ಗೊತ್ತಾಯಿತು: ಸಾಲ ಬೇರೆ, ಕೆಲಸ ಬೇರೆ. ಕೊಟ್ಟ ಹಣಕ್ಕೆ ಸಾವಕಾರರು ಕೋರ್ಟಿಗೆ ಹೋಗಬಹುದು. ಆದರೆ ಒಬ್ಬನ ಕೈಗುಣವನ್ನೇ ನಂಬಿದ ಕೆಲಸವನ್ನು ಮಾಡಲೇಬೇಕೆಂದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಡಿ ಯಾವ ಕೋರ್ಟೂ ಹಚ್ಚಲಾರದು. ಮುಂಗಡ ಕೊಟ್ಟಿದ್ದೇನೆ, ಬೇರೆ ಕಡೆ ದುಡಿಯಬೇಡ ಅಂತ ಕಟ್ಟಿಹಾಕುವುದು 1976ರ ಜೀತಪದ್ಧತಿ ರದ್ದತಿ ಕಾಯ್ದೆಯ ಕೆಳಗೂ ಬರಬಹುದು. ಇದನ್ನು ಓಣಿಯಲ್ಲಿ ಹೇಳಿದರೆ ನಗುತ್ತಾರೆ. ಕಾಯ್ದೆ ಬಂದು ಸುಮಾರು ಐವತ್ತು ವರ್ಷವಾಯಿತು, ನಗು ನಿಂತಿಲ್ಲ.

ಇನ್ನೊಂದು ರೂಢಿ ಇದೆ. ಹೊಸ ಸಾವಕಾರ ಹಳೆಯವರ ಬಾಕಿ ಕಟ್ಟಿ ನೇಕಾರನನ್ನು ಕರೆದುಕೊಳ್ಳುತ್ತಾನೆ. ನನ್ನನ್ನೂ ಕರೆದರು. ಹೋಗಲಿಲ್ಲ, ಗೂಟ ಬದಲಾದರೆ ಹಗ್ಗ ಬಿಚ್ಚಿದಂತಾಗುವುದಿಲ್ಲ. ನೇಕಾರರ ಮುದ್ರಾ ಯೋಜನೆಯಲ್ಲಿ ಶೇ. 6ರ ಬಡ್ಡಿಗೆ ಸಾಲ ಸಿಗುತ್ತದೆಂದು ಬ್ಯಾಂಕಿಗೆ ಹೋದರೆ, ಅಲ್ಲಿಯ ಅಧಿಕಾರಿ ನೇಕಾರರ ಗುರುತಿನ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, “ನಿಮ್ಮ ಸಾವಕಾರರಿಂದ ಒಂದು ಪತ್ರ ತರ್ರಿ” ಅಂದ! ಕೊನೆಗೆ ಕೈ ಹಿಡಿದದ್ದು ಹೆಂಡತಿಯ ಬೋರಮಾಳ ಸರ, ಆಮೇಲೆ ಸಹಕಾರಿ ಸಂಘದ ನೂಲು.

ಬಿಡಬೇಕೋ ಬೇಡವೋ ಅಂತ ಕೇಳುವವರಿಗೆ ನನ್ನ ಮಾತು ಇಷ್ಟೇ. ಲೆಕ್ಕ ತೋರಿಸದ ಸಾವಕಾರರನ್ನು ಬಿಡಿ, ಬಾಕಿ ಇದ್ದರೂ ಬಿಡಿ, ಕಂತಿನಲ್ಲಿ ತೀರಿಸಿ. ಆಗುವುದಾದರೆ ಒಂದು ಸೀರೆ ಇಳಿಸಿ ಇನ್ನೊಂದರ ಕೊಂಡಿ ಹಾಕುವ ಮುಂಚೆ ಬಿಡಿ; ಮಗ್ಗದ ಮೇಲೆ ಅವರ ನೂಲಿದ್ದರೆ ಮಾತು ಅವರದೇ ಮೇಲಾಗುತ್ತದೆ. ನೂಲು ತೂಗಿ ತಂದ ದಿನವೇ ತೂಕ ಬರೆಸಿಕೊಳ್ಳಿ. ದಾಗು ಮುರಿದರೆ ಆ ಸೀರೆಯ ಫೋಟೋ ತೆಗೆದಿಟ್ಟುಕೊಳ್ಳಿ. ಜಾಮೀನಿಗೆ ನೆಂಟರನ್ನು ಕರೆಯಬೇಡಿ.

ನನ್ನ ನಲವತ್ತು ಸಾವಿರವೂ ತೀರಿದೆ. ಸಹಿ ಮಾಡಿಕೊಟ್ಟ ಪ್ರಾಮಿಸರಿ ನೋಟು ಮಾತ್ರ, ಹುಡುಕಿ ಕೊಡುತ್ತೇವೆ ಅಂತ, ಇನ್ನೂ ಅವರ ಪೆಟ್ಟಿಗೆಯಲ್ಲೇ ಇದೆ. ನೋಟು ಕೈಗೆ ಬರುವ ತನಕ ಕೊನೆಯ ಕಂತು ಕೊಡಬೇಡಿ.